ತಂತಿಯ ಕೆಳಗಿನ ಊರುಗಳು

‘ನೆಟ್ ಝೀರೊ’ ಎಂಬ ಮಾತು 2021ರ ನವೆಂಬರ್‌ನಲ್ಲಿ ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬಂತು. ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಪ್ರಧಾನಿಯವರು, 2070ರ ಹೊತ್ತಿಗೆ ಭಾರತ ಆ ಗುರಿ ಮುಟ್ಟುತ್ತದೆ ಎಂದು ಘೋಷಿಸಿದ್ದರು. ನಾವು ಗಾಳಿಗೆ ಬಿಡುವ ಇಂಗಾಲವೂ ಮರಳಿ ಹೀರಿಕೊಳ್ಳುವ ಇಂಗಾಲವೂ ಸಮವಾಗಬೇಕು ಎಂಬುದು ಅದರ ಅರ್ಥ. ನನಗೆ ಅದು ಅಂಗಡಿಯ ಲೆಕ್ಕದ ಪುಸ್ತಕದ ಭಾಷೆಯಂತೆ ಕೇಳಿಸಿತು: ಜಮೆ, ಖರ್ಚು, ಬಾಕಿ ಸೊನ್ನೆ. ಕರ್ನಾಟಕದ ವಿದ್ಯುತ್ತಿನ ಚರಿತ್ರೆ ಓದುತ್ತ ಹೋದ ಮೇಲೆ ಒಂದು ಪ್ರಶ್ನೆ ನನ್ನ ಬೆನ್ನು ಹತ್ತಿದೆ. ಆ ಪುಸ್ತಕದಲ್ಲಿ ಯಾರ ಹೆಸರು ಬರೆದುಕೊಳ್ಳುತ್ತಾರೆ, ಯಾರದ್ದು ಬಿಟ್ಟುಹೋಗುತ್ತದೆ?

ಹಳೆಯ ಇಂಧನ ಬಿಟ್ಟು ಹೊಸದಕ್ಕೆ ಹೋಗುವುದು ನಮಗೆ ಹೊಸತೇನಲ್ಲ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳಿಂದ ನಡೆಯುತ್ತಿದ್ದವು, ಅವುಗಳ ಹೊಟ್ಟೆ ತುಂಬಿಸುವುದು ದುಬಾರಿಯ ಕೆಲಸವಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಯೋಜನೆ ರೂಪುಗೊಂಡಿತು. 1901ರಲ್ಲಿ ಅವರು ತೀರಿಕೊಂಡರು. ಮರುವರ್ಷ, 1902ರ ಜೂನ್‌ನಲ್ಲಿ, ಕಾವೇರಿಯ ವಿದ್ಯುತ್ತು ಸುಮಾರು 92 ಮೈಲಿ ದೂರದ ಗಣಿಗೆ ಹರಿಯಿತು. ಅಷ್ಟು ಉದ್ದದ ವಿದ್ಯುತ್ ಮಾರ್ಗ ಅಂದಿನ ಜಗತ್ತಿನಲ್ಲೇ ಅಪರೂಪ. ನಮ್ಮ ಪಠ್ಯಪುಸ್ತಕಗಳು ಹೆಮ್ಮೆಯಿಂದ ಹೇಳುವ ಈ ಕಥೆಯನ್ನು ನಾನೂ ಹೆಮ್ಮೆಯಿಂದಲೇ ಓದಿದ್ದೆ. ಆದರೆ ಆ ತಂತಿ ದಾರಿಯಲ್ಲಿದ್ದ ಹಳ್ಳಿಗಳ ತಲೆಯ ಮೇಲೆ ಹಾದು, ಎಲ್ಲೂ ಇಳಿಯದೆ, ನೇರ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೇ ದೀಪ ಬಂದದ್ದು ಮೂರು ವರ್ಷದ ಮೇಲೆ, 1905ರ ಆಗಸ್ಟ್‌ನಲ್ಲಿ. ಹಳ್ಳಿಗಳ ಸರದಿ ಬರಲು ದಶಕಗಳೇ ಹಿಡಿದವು.

ಬೇಸಗೆಯಲ್ಲಿ ಕಾವೇರಿಯ ಹರಿವು ಸೊರಗಿದರೆ ಗಣಿಗೆ ಕೊಟ್ಟ ಮಾತು ತಪ್ಪುತ್ತದೆ. ಕನ್ನಂಬಾಡಿಯ ಅಣೆಕಟ್ಟೆಯನ್ನು ನಾವು ಮಂಡ್ಯದ ಗದ್ದೆಗಳ ಜೊತೆ ನೆನೆಯುತ್ತೇವೆ, ಅದು ಸರಿಯೇ. ಆದರೆ 1911ರಲ್ಲಿ ಅದರ ಕೆಲಸ ಶುರುವಾಗಲು ಗಣಿಗೆ ವರ್ಷವಿಡೀ ವಿದ್ಯುತ್ತು ಕೊಡಬೇಕಾದ ಒತ್ತಡವೂ ಒಂದು ಕಾರಣ. ಅಣೆಕಟ್ಟೆಗೆ ಜನ ಇಂದಿಗೂ ಕರೆಯುವ ಹೆಸರು ಕೊಟ್ಟ ಕನ್ನಂಬಾಡಿ ಊರೇ ನೀರಿನಡಿ ಸೇರಿತು.

ಶರಾವತಿಯಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ಮೊದಲು ಹಿರೇಭಾಸ್ಕರ ಅಣೆಕಟ್ಟೆ, ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಎರಡನೆಯದರ ನೀರಿನಲ್ಲಿ ಮೊದಲನೆಯದೇ ಮುಳುಗಿತು. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಮರಗಳ ಬೊಡ್ಡೆಗಳು ಸಾಲುಸಾಲಾಗಿ ಎದ್ದು ಕಾಣುತ್ತವೆ. ಸಿಗಂದೂರಿನ ಲಾಂಚಿನಲ್ಲಿ ನಿಂತು ಅವನ್ನು ನೋಡಿದಾಗ, ಇದು ಯಾರೋ ನಡೆದಾಡುತ್ತಿದ್ದ ಕಾಡಿನ ದಾರಿ ಎಂದು ನನಗೆ ಹೊಳೆದದ್ದು ತಡವಾಗಿಯೇ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಉಳುವವನೊಬ್ಬ, ಭೂಮಿಯ ಒಡೆಯನೊಬ್ಬ ಎಂಬ ಸೀಮೆ ಅದು. ಅಂಥಲ್ಲಿ ಕಾಗದಪತ್ರ ನೋಡಿ ಪರಿಹಾರ ಕೊಟ್ಟರೆ ಗೇಣಿದಾರನ ಕೈಗೆ ಏನು ಬಂದೀತು? ಮುಳುಗಡೆಯಾದವರನ್ನು ಲಾರಿಗಳಲ್ಲಿ ತಂದು ಕಾಡಂಚಿನಲ್ಲಿ ಇಳಿಸಿದರು. ಅಲ್ಲಿ ಸಿಕ್ಕ ಜಮೀನಿನ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ.

ಇಲ್ಲೊಂದು ಸಂಗತಿ ಗಮನಿಸಬೇಕು. 1985ರಲ್ಲಿ ರಾಯಚೂರಿನ ಕಲ್ಲಿದ್ದಲು ಸ್ಥಾವರ ಶುರುವಾಗುವವರೆಗೆ ರಾಜ್ಯದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ನೀರಿನಿಂದಲೇ ಬರುತ್ತಿತ್ತು. ಇಂಗಾಲದ ಲೆಕ್ಕದಲ್ಲಿ ಅದು ಸೊನ್ನೆಗೆ ಹತ್ತಿರದ ವಿದ್ಯುತ್ತು. ಆ ಸೊನ್ನೆಯ ಬೆಲೆ ಎಷ್ಟಾಯಿತು ಎಂಬುದು ಶರಾವತಿಯ ಜನರಿಗೆ ಗೊತ್ತು.

ಈಗ ಪಾವಗಡಕ್ಕೆ ಬನ್ನಿ. ಸುಮಾರು 13,000 ಎಕರೆ, ಐದು ಹಳ್ಳಿ, 2,050 ಮೆಗಾವಾಟ್ ಸೌರ ವಿದ್ಯುತ್ತು. ಇಲ್ಲಿ ಸರ್ಕಾರ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತ ರೈತನಿಗೆ ಇದು ಸಣ್ಣ ಮಾತಲ್ಲ. ಪಹಣಿಯಲ್ಲಿ ಅವನ ಹೆಸರು ಉಳಿದಿದೆ. ಶರಾವತಿಗೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ ಎಂದು ನಾನು ಒಪ್ಪುತ್ತೇನೆ. ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳ ಹೆಸರು, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವನ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಹೀಗಾಗಿ ಗುತ್ತಿಗೆಯ ಹಣದಲ್ಲಿ ಅವರಿಗೆ ಪಾಲಿಲ್ಲ. ಸೌರ ಫಲಕಕ್ಕೆ ಕಳೆ ಕೀಳುವವರು ಹೆಚ್ಚು ಬೇಕಾಗುವುದೂ ಇಲ್ಲ.

ಸೂರ್ಯ ಮುಳುಗಿದ ಮೇಲೆ ಏನು ಮಾಡುವುದು? ಹಗಲಿನಲ್ಲಿ ಹೆಚ್ಚಾದ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವ ಯೋಜನೆಗಳು ಬರುತ್ತಿವೆ. ಅವುಗಳಲ್ಲೊಂದು ಮತ್ತೆ ಶರಾವತಿಗೇ ಬಂದಿದೆ: ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2,000 ಮೆಗಾವಾಟ್. ಕಣಿವೆಯ ಹಳೆಯ ಬಾಕಿ ತೀರುವ ಮೊದಲೇ ಹೊಸ ಪುಟ ತೆರೆದಿದೆ.

ಕಲ್ಲಿದ್ದಲನ್ನು ಬಿಡಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಬಿಸಿಲು ಏರಿ ಮಳೆ ತಪ್ಪಿದರೆ ಮೊದಲು ಸೋಲುವವರೂ ಈ ಪಹಣಿ ಇಲ್ಲದವರೇ. ಚರಿತ್ರೆ ನಮ್ಮನ್ನು ಕೇಳುವುದು ಸಣ್ಣ ಕೆಲಸ. ಯೋಜನೆಗೆ ಸಹಿ ಬೀಳುವ ಮೊದಲು ಊರಿನಲ್ಲಿ ಕೂತು, ಕಾಗದದಲ್ಲಿ ಹೆಸರಿಲ್ಲದೆ ಆ ನೆಲದಿಂದ ಬದುಕುತ್ತಿರುವವರ ಪಟ್ಟಿ ಮಾಡಿ. ಅವರ ಕೂಲಿ, ಅವರ ಮೇವು, ಅವರ ದಾರಿ ಲೆಕ್ಕಕ್ಕೆ ಬರಲಿ. ಆ ಪಟ್ಟಿ 1902ರಲ್ಲೂ ಇರಲಿಲ್ಲ, 1964ರಲ್ಲೂ ಇರಲಿಲ್ಲ. 2070ಕ್ಕೆ ಇನ್ನೂ ಸಮಯವಿದೆ.