ಮರ ನೆಟ್ಟರೆ ಎಲ್ಲ ಹಕ್ಕಿಗಳಿಗೂ ಒಳ್ಳೆಯದೇ? ರಾಣೆಬೆನ್ನೂರಿನ ಎರೆಭೂತಕ್ಕೆ ಆದದ್ದೇನು?

ಜೂನ್ 5 ಬಂತೆಂದರೆ ಸಸಿ ಹಿಡಿದು ನಿಂತವರ ಫೋಟೋಗಳಿಂದ ಮೊಬೈಲ್ ತುಂಬಿಹೋಗುತ್ತದೆ. ಖಾಲಿ ಜಾಗದಲ್ಲೆಲ್ಲ ಮರ ಬೆಳೆಸಿದರೆ ಹಕ್ಕಿಗಳು ಉಳಿಯುತ್ತವೆ, ಬಿಸಿಲೂ ತಗ್ಗುತ್ತದೆ ಎಂಬ ಸಂದೇಶಗಳು ಜೊತೆಗೇ ಬರುತ್ತವೆ. ಇದು ನಿಜವೇ? ಎಲ್ಲಿ ನೆಡುತ್ತೀರಿ ಎಂಬುದರ ಮೇಲೆ ನಿಂತಿದೆ ಎನ್ನುವುದು ಚಿಕ್ಕ ಉತ್ತರ. ದೊಡ್ಡ ಉತ್ತರಕ್ಕೆ ಹಾವೇರಿ ಜಿಲ್ಲೆಯತ್ತ ನೋಡಬೇಕು.

ವರದಾ ನದಿ ತುಂಗಭದ್ರೆಯನ್ನು ಕೂಡುವ ಊರು ಗಳಗನಾಥ. ಇಂಥ ಹೊಳೆದಂಡೆಯಲ್ಲಿ ಮರಗಳಿದ್ದರೆ ಹಕ್ಕಿಗಳಿಗೆ ಲಾಭವೇ. ನೀರಿನ ಮೇಲೆ ಬಾಗಿದ ಕೊಂಬೆ ಗೀಜಗನಿಗೆ ಗೂಡು ಕಟ್ಟಲು ಬೇಕು, ಮಿಂಚುಳ್ಳಿಗೆ ಕೂತು ಮೀನು ನೋಡಲು ಬೇಕು. ಆದರೆ ಹೊಳೆ ಬಿಟ್ಟು ರಾಣೆಬೆನ್ನೂರಿನ ಕಡೆಗೆ ಹೊರಟರೆ ನೆಲದ ಬಗೆಯೇ ಬದಲಾಗುತ್ತದೆ. ಅದು ಎರೆ ಹೊಲ, ಕುರುಚಲು ಗುಡ್ಡ, ಹುಲ್ಲುಗಾವಲಿನ ಸೀಮೆ. ಇಲ್ಲಿನ ಹಕ್ಕಿಗಳ ಬದುಕು ಮರದ ಮೇಲಲ್ಲ, ನೆಲದ ಮೇಲೆ.

ಅವುಗಳಲ್ಲಿ ಅತಿ ದೊಡ್ಡದು ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಎರೆ ಭೂಮಿಯಲ್ಲಿ ಸದ್ದಿಲ್ಲದೆ ಕಾಣಿಸಿಕೊಂಡು ಮಾಯವಾಗುವ ಹಕ್ಕಿಗೆ ಇದಕ್ಕಿಂತ ಒಪ್ಪುವ ಹೆಸರು ನಮಗಂತೂ ತೋಚುವುದಿಲ್ಲ. ಸುಮಾರು ಒಂದು ಮೀಟರ್ ಎತ್ತರ. ಗಂಡು 15 ಕಿಲೋವರೆಗೂ ತೂಗಬಹುದು. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಇದು ಸೇರುತ್ತದೆ. ರಾಷ್ಟ್ರಪಕ್ಷಿಯ ಆಯ್ಕೆ ನಡೆದಾಗ ಸಲೀಂ ಅಲಿ ಅವರು ಸೂಚಿಸಿದ್ದು ಇದನ್ನೇ. ಕೊನೆಗೆ ಆ ಗೌರವ 1963ರಲ್ಲಿ ನವಿಲಿಗೆ ಸಿಕ್ಕಿತು.

ರಾಣೆಬೆನ್ನೂರಿನಲ್ಲಿ ಆದದ್ದೇನು?

1950ರ ದಶಕದಿಂದ ಇಲ್ಲಿನ ಬಯಲುಗಳಲ್ಲಿ ನೀಲಗಿರಿ ನೆಡುವ ಕೆಲಸ ಶುರುವಾಯಿತು. ದೇಶದ ನೆಲದ ಮೂರನೇ ಒಂದು ಭಾಗ ಕಾಡಾಗಬೇಕು ಎಂದು 1952ರ ಅರಣ್ಯ ನೀತಿ ಹೇಳಿತ್ತು. ಬೇಗ ಬೆಳೆಯುವ, ದನಕರು ಮುಟ್ಟದ ನೀಲಗಿರಿ ಆ ಗುರಿಗೆ ಸುಲಭದ ದಾರಿಯಾಗಿ ಕಂಡಿತು. 1974ರಲ್ಲಿ ಇದೇ ಸೀಮೆಯ ಸುಮಾರು 119 ಚದರ ಕಿಲೋಮೀಟರ್ ಪ್ರದೇಶ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವಾಯಿತು. ಎರೆಭೂತವೂ ಆಗ ಅಲ್ಲಿತ್ತು. ನೆಡುತೋಪು ಈ ಬಯಲಿನ ಜೀವಿಗಳ ಮೇಲೆ ಏನು ಪರಿಣಾಮ ಬೀರುತ್ತಿದೆ ಎಂಬುದನ್ನು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಆ ಕಾಲದಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಮುಂದೆ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಮರ ಬೆಳೆಸಿ ಹೆಸರಾದವರೂ ಅವರೇ. ಅವರನ್ನು ಮರದ ವಿರೋಧಿ ಎನ್ನಲಾಗುವುದಿಲ್ಲ!

ಮರ ಬಂದರೆ ಹುಲ್ಲುಗಾವಲಿನ ಹಕ್ಕಿಗೆ ತೊಂದರೆ ಏಕೆ? ಎರೆಭೂತ ಗೂಡು ಕಟ್ಟುವುದಿಲ್ಲ. ಬಯಲು ನೆಲದಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ದೂರದಿಂದ ಬರುವ ನರಿ, ನಾಯಿಯನ್ನು ಮೊದಲೇ ಕಂಡು ಎಚ್ಚರಾಗುವುದೇ ಅದರ ರಕ್ಷಣೆ. ನೆಡುತೋಪು ಆ ನೋಟವನ್ನು ಮುಚ್ಚುತ್ತದೆ. ಕಾಗೆ, ಹದ್ದುಗಳಿಗೆ ಮಾತ್ರ ಮೇಲೆ ಕೂತು ನೆಲದ ಮೊಟ್ಟೆ ಹುಡುಕಲು ಅನುಕೂಲ. ನೆರಳು ಹೆಚ್ಚಿದಂತೆ ಹುಲ್ಲು ಕುಗ್ಗುತ್ತದೆ, ಹುಲ್ಲಿನ ಜೊತೆ ಮಿಡತೆಯೂ ಕಡಿಮೆಯಾಗುತ್ತದೆ. ಗಂಡು ಹಕ್ಕಿ ಕತ್ತಿನ ಚೀಲ ಉಬ್ಬಿಸಿ ಹೆಣ್ಣನ್ನು ಕರೆಯುವುದೂ ತೆರೆದ ಬಯಲಿನಲ್ಲೇ.

ಕೃಷ್ಣಮೃಗದ ಕಥೆ ಬೇರೆಯಾಯಿತು. ಅದು ಹಗಲು ತೋಪಿನಲ್ಲಿ ಅಡಗಿ ಹೊಲಗಳಲ್ಲಿ ಮೇಯುವುದನ್ನು ಕಲಿತು ಸಾವಿರಾರು ಸಂಖ್ಯೆಗೆ ಬೆಳೆಯಿತು. ಚಿಗರಿ ಹಿಂಡು ಬೆಳೆ ತಿನ್ನುವ ಬಗ್ಗೆ ಸುತ್ತಲಿನ ರೈತರ ದೂರು ಇಂದಿಗೂ ನಿಂತಿಲ್ಲ. ಎರೆಭೂತಕ್ಕೆ ಹಾಗೆ ಒಗ್ಗಿಕೊಳ್ಳಲು ಆಗಲಿಲ್ಲ. ನೀರಾವರಿ, ಬದಲಾದ ಬೆಳೆ, ಹಿಂದಿನ ಬೇಟೆ ಇವೂ ಸೇರಿದವು. ನೀಲಗಿರಿಯೊಂದರ ಮೇಲೇ ತಪ್ಪು ಹೊರಿಸುವುದು ಸರಿಯಲ್ಲ. ಇಂದು ರಾಜ್ಯದಲ್ಲಿ ಈ ಹಕ್ಕಿ ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ, ಅದೂ ಬೆರಳೆಣಿಕೆಯಷ್ಟು. ದೇಶದ ಕಾಡಿನಲ್ಲಿ ಉಳಿದಿರುವವು ಸುಮಾರು 150, ಹೆಚ್ಚಿನವು ರಾಜಸ್ಥಾನದಲ್ಲಿ.

'ಪಾಳುಭೂಮಿ' ಯಾರಿಗೂ ಬೇಡವಾದ ನೆಲವೇ?

ಸರ್ಕಾರಿ ನಕ್ಷೆಗಳಲ್ಲಿ ಹುಲ್ಲುಗಾವಲು ಬಹಳಷ್ಟು ಕಡೆ ಪಾಳುಭೂಮಿಯ ಪಟ್ಟಿಗೆ ಸೇರಿದೆ. ಕುರಿ ಮೇಯಿಸುವವರನ್ನು ಕೇಳಿದರೆ ಈ ಮಾತು ನಿಲ್ಲುವುದಿಲ್ಲ. ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಇದೇ ಜಿಲ್ಲೆಯ ನೆನಪು. ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟ ಊರಿನ ಸಾಮೂಹಿಕ ಭೂಮಿಯಿಂದ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಅವರ ಚಿಂತೆ ಹಕ್ಕಿಯಲ್ಲ; ಮೇವು ಮತ್ತು ಉರುವಲು. ಆದರೆ ಖಾಲಿ ಎಂದು ಬರೆದ ನೆಲ ಖಾಲಿಯಿರಲಿಲ್ಲ ಎಂಬುದು ಎರಡೂ ಕಡೆ ಒಂದೇ. ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು.

ಹವಾಮಾನಕ್ಕಾದರೂ ಮರವೇ ಮದ್ದಲ್ಲವೇ?

ಮರ ಇಂಗಾಲವನ್ನು ಕಾಂಡದಲ್ಲಿ ಕೂಡಿಡುತ್ತದೆ, ಹುಲ್ಲು ಹೆಚ್ಚಾಗಿ ಬೇರು ಮತ್ತು ಮಣ್ಣಿನಲ್ಲಿ. ಬೆಂಕಿ ಬಿದ್ದರೆ ಕಾಂಡದ ಇಂಗಾಲ ಗಾಳಿಗೆ ಹೋಗುತ್ತದೆ, ನೆಲದೊಳಗಿನದು ಬಹುಪಾಲು ಉಳಿಯುತ್ತದೆ. ಬರ ಮತ್ತು ಬೆಂಕಿ ಹೆಚ್ಚುವ ಸೀಮೆಗಳಲ್ಲಿ ಕಾಡಿಗಿಂತ ಹುಲ್ಲುಗಾವಲೇ ನಂಬಿಕಸ್ಥ ಇಂಗಾಲದ ಕಣಜವಾಗಬಹುದು ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2018ರಲ್ಲಿ ತೋರಿಸಿದರು. ಅವರ ಲೆಕ್ಕ ಕ್ಯಾಲಿಫೋರ್ನಿಯಾದ್ದು, ಅಂಕಿಗಳನ್ನು ಹಾಗೇ ಇಲ್ಲಿಗೆ ತರಲಾಗದು. ಮಣ್ಣಿನ ತರ್ಕ ಮಾತ್ರ ಇಲ್ಲಿಗೂ ಹೊಂದುತ್ತದೆ.

ಹವಾಮಾನದ ಪರಿಹಾರವೇ ಹಕ್ಕಿಗೆ ಕುತ್ತಾಗುವ ಇನ್ನೊಂದು ಬಗೆ ವಿದ್ಯುತ್ ತಂತಿ. ಎರೆಭೂತದ ಕಣ್ಣು ತಲೆಯ ಪಕ್ಕಕ್ಕಿವೆ, ಎದುರಿನದು ಚೆನ್ನಾಗಿ ಕಾಣದು. ಭಾರದ ಮೈ, ಥಟ್ಟನೆ ಹೊರಳಲೂ ಆಗದು. ಸೌರ ವಿದ್ಯುತ್ ಸಾಗಿಸುವ ತಂತಿಗಳಿಗೆ ಅದು ನೇರ ಬಡಿಯುತ್ತದೆ. ಅದರ ನೆಲೆಗಳಲ್ಲಿ ತಂತಿಯನ್ನು ನೆಲದಡಿಗೆ ಇಳಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ನಾಗರಿಕರ ಹಕ್ಕು ಎಂದದ್ದೂ ಅದೇ ತೀರ್ಪಿನಲ್ಲಿ. ಸೌರಶಕ್ತಿ ಬೇಕೇ ಬೇಕು. ತಂತಿ ಎಲ್ಲಿ ಎಳೆಯಬೇಕು ಎಂಬುದಷ್ಟೇ ನಮ್ಮ ತಕರಾರು.

ಉಳಿದ ಹಕ್ಕಿಗಳ ಗತಿ?

942 ಜಾತಿಗಳನ್ನು ಪರಿಶೀಲಿಸಿದ 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿಯಲ್ಲಿ ಹುಲ್ಲುಗಾವಲಿನಂಥ ತೆರೆದ ಬಯಲಿನ ಹಕ್ಕಿಗಳ ಇಳಿಕೆ ಎದ್ದು ಕಾಣುತ್ತದೆ. ಅದಕ್ಕೆ ಆಧಾರ ಸುಮಾರು 30,000 ಹವ್ಯಾಸಿಗಳು ಇ-ಬರ್ಡ್‌ನಲ್ಲಿ ದಾಖಲಿಸಿದ ಮಾಹಿತಿ. ಹವ್ಯಾಸಿಗಳು ಕೆರೆ, ಕಾಡಿಗೆ ಹೋಗುವಷ್ಟು ಬಯಲಿಗೆ ಹೋಗುವುದಿಲ್ಲ. ಹಾಗಾಗಿ ಬ್ಯಾಡಗಿ, ರಾಣೆಬೆನ್ನೂರು ಕಡೆಯ ಓದುಗರು ಹೊಲದ ಬದುವಿನಲ್ಲಿ ನಿಂತು ಮಾಡಿದ ಹದಿನೈದು ನಿಮಿಷದ ಪಟ್ಟಿಗೂ ಬೆಲೆಯಿದೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ದಖ್ಖನ್ನಿನ ಬಯಲುಗಳಿಗೆ ಬರುತ್ತವೆ, ಮಿಡತೆ ಹಿಡಿಯುತ್ತವೆ, ರಾತ್ರಿ ಎತ್ತರದ ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ, ಹೊತ್ತು ಮುಳುಗುವ ಅರ್ಧ ಗಂಟೆ ಮೊದಲು, ರೆಕ್ಕೆಯನ್ನು 'ವಿ' ಆಕಾರದಲ್ಲಿ ಎತ್ತಿ ಹುಲ್ಲಿಗೆ ತಾಗುವಂತೆ ತೇಲುವ ಹಕ್ಕಿ ಕಂಡರೆ ಬರೆದಿಡಿ. ಅದು ಇಳಿದ ಜಾಗದ ಹತ್ತಿರ ಮಾತ್ರ ಹೋಗಬೇಡಿ.