ದೋಷ ಎಂಜಿನ್ನಿನಲ್ಲೋ, ನೀರಿನಲ್ಲೋ?

ಬೀದರ ಸೀಮೆಯವನೊಬ್ಬ ಯಂತ್ರದೋಣಿಯ ಮಾತೆತ್ತಿದರೆ ನಗುವವರುಂಟು. ಕಡಲು ನಮ್ಮಿಂದ ನೂರಾರು ಮೈಲಿ ದೂರ. ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲ, ಭಾಲ್ಕಿ ಔರಾದಗಳ ಎರೆಹೊಲ, ಬೇಸಗೆಯಲ್ಲಿ ಸೊರಗುವ ಮಾಂಜ್ರಾ ನದಿ, ಇವುಗಳ ನಡುವೆ ದೋಣಿಗೇನು ಕೆಲಸ ಎಂದು ಕೇಳಬಹುದು. ಆದರೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ನದಿಗೆ ಅಣೆಕಟ್ಟಾದ ಮೇಲೆ ನಮಗೂ ಒಂದು ಪುಟ್ಟ ಕಡಲು ದೊರೆತಂತಾಗಿದೆ. ಅದರ ಹಿನ್ನೀರನ್ನು ನಂಬಿ ಬದುಕುವ ಬೆಸ್ತರೂ ಇದ್ದಾರೆ.

ಕೆಲವು ವರ್ಷಗಳ ಹಿಂದೆ ಆ ಹಿನ್ನೀರಿನ ದಡದಲ್ಲಿ ಒಂದು ಪ್ರಸಂಗವನ್ನು ಕಣ್ಣಾರೆ ಕಂಡೆ. ಬೆಸ್ತನೊಬ್ಬನ ದೋಣಿಗೆ ಒಂದೇ ಎಂಜಿನ್ನು. ಅದು ಏದುಸಿರು ಬಿಡುತ್ತಿತ್ತು. ದೋಣಿ ಮಾತ್ರ ಎತ್ತಿನ ಬಂಡಿಗಿಂತ ನಿಧಾನವಾಗಿ ಸಾಗುತ್ತಿತ್ತು. ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಬೇಕೆಂದು ಪಟ್ಟಣದ ದುರಸ್ತಿಯವರೊಬ್ಬರು ಹೇಳಿದ್ದರಂತೆ. ಅದಕ್ಕೆ ತಗಲುವ ಹಣವೆಂದರೆ ಆತನ ಒಂದು ಹಂಗಾಮಿನ ದುಡಿಮೆ. ಸಾಲ ತರುವ ಯೋಚನೆಯಲ್ಲಿದ್ದ. ಅಷ್ಟರಲ್ಲಿ ಔರಾದ ಕಡೆಯ ಮುದುಕರೊಬ್ಬರು ಬಂದರು. ಬಾವಿಗಳ ಆಯಿಲ್ ಎಂಜಿನ್ನುಗಳನ್ನು ರಿಪೇರಿ ಮಾಡುತ್ತಲೇ ಆಯುಷ್ಯ ಕಳೆದವರು. ದೋಣಿಯನ್ನು ಕಟ್ಟಿಹಾಕಿ, ಗೇರು ಹಾಕದೆ ಎಂಜಿನ್ನನ್ನು ಓಡಿಸಿದರು. ಅದು ಸರಾಗವಾಗಿ ಓಡಿತು. ಗೇರು ಹಾಕಿದೊಡನೆ ಸದ್ದು ಕುಗ್ಗಿತು. “ತಮ್ಮಾ, ಎಂಜಿನ್ ಬಿಚ್ಚೋ ಮೊದಲಾ ನೀರಾಗ ಏನದಾ ನೋಡು” ಎಂದರು. ಬಾಲವನ್ನೆತ್ತಿ ನೋಡಿದರೆ ನೈಲಾನ್ ಬಲೆಯ ಚೂರೊಂದು ಪ್ರೊಪೆಲರಿನ ದಂಡಕ್ಕೆ ಬಿಗಿಯಾಗಿ ಸುತ್ತಿಕೊಂಡಿತ್ತು. ಚಾಕುವಿನಿಂದ ಕತ್ತರಿಸಿ ತೆಗೆಯಲು ಕಾಲು ಗಂಟೆ ಹಿಡಿಯಿತು.

ಆ ಮುದುಕರು ಮಾಡಿದ ಪರೀಕ್ಷೆಗೆ ಒಂದು ದೊಡ್ಡ ಚರಿತ್ರೆಯಿದೆ ಎಂಬುದು ನನಗೆ ತಿಳಿದದ್ದು ಆಮೇಲೆ, ಪುಸ್ತಕಗಳನ್ನು ತಿರುವಿದಾಗ.

ದೋಣಿಯನ್ನು ಮುಂದಕ್ಕೆ ತಳ್ಳುವುದು ಎಂಜಿನ್ನಲ್ಲ. ನೀರನ್ನು ಹಿಂದಕ್ಕೆ ನೂಕುವ ಪ್ರೊಪೆಲರು. ಈ ತಿರುಪನ್ನು ಬಳಕೆಗೆ ತಂದವರಲ್ಲೊಬ್ಬ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ಆಂಗ್ಲ ರೈತ. 1837ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಅವನು ತನ್ನ ದೋಣಿಯನ್ನು ಪರೀಕ್ಷಿಸುತ್ತಿದ್ದಾಗ ಮರದ ತಿರುಪು ಏನಕ್ಕೋ ತಾಗಿ ಅರ್ಧ ಮುರಿದುಹೋಯಿತು. ದೋಣಿ ನಿಲ್ಲಬೇಕಿತ್ತು, ಬದಲಾಗಿ ಮೊದಲಿಗಿಂತ ವೇಗವಾಗಿ ಓಡಿತು! ಎರಡು ಸುತ್ತಿನ ತಿರುಪು ಅವನ ದೋಣಿಗೆ ಹೆಚ್ಚಾಗಿತ್ತು. ಎಂಜಿನ್ನು ಬದಲಾಗಿರಲಿಲ್ಲ, ಅದರ ಹೊರೆ ಬದಲಾಗಿತ್ತು. ಈ ಪಾಠವನ್ನು ಸ್ಮಿತ್‌ಗೆ ಕಲಿಸಿದ್ದು ಅಪಘಾತ.

ಅದೇ ಪಾಠವನ್ನು ಬುದ್ಧಿಪೂರ್ವಕವಾಗಿ ಹುಡುಕಿ ಕಲಿತವನು ಚಾರ್ಲ್ಸ್ ಪಾರ್ಸನ್ಸ್. 1884ರಲ್ಲಿ ಉಗಿ ಟರ್ಬೈನನ್ನು ರಚಿಸಿದ ಈ ಯಂತ್ರಜ್ಞ, ಅದನ್ನು ಹಡಗಿಗೂ ಕೂಡಿಸಬೇಕೆಂದು 1894ರಲ್ಲಿ ‘ಟರ್ಬಿನಿಯಾ’ ಎಂಬ ನೌಕೆಯನ್ನು ಕಟ್ಟಿಸಿದ. ಉದ್ದ ನೂರು ಅಡಿಗೆ ತುಸು ಹೆಚ್ಚು, ಅಗಲ ಒಂಬತ್ತೇ ಅಡಿ. ಒಂದು ಟರ್ಬೈನು, ಒಂದು ದಂಡ. ನೌಕೆ ಬಾಣದಂತೆ ಹಾರೀತೆಂದು ಅವನ ನಿರೀಕ್ಷೆ. ಆದರೆ ಪ್ರೊಪೆಲರುಗಳನ್ನು ಮೇಲಿಂದ ಮೇಲೆ ಬದಲಿಸಿ ನೋಡಿದರೂ ವೇಗ 20 ನಾಟ್ ಮುಟ್ಟಲಿಲ್ಲ. ಎಂದರೆ ಗಂಟೆಗೆ 37 ಕಿಲೋಮೀಟರಿನೊಳಗೇ ನಿಂತಿತು.

ಇಲ್ಲಿ ಪಾರ್ಸನ್ಸನ ಸ್ಥಿತಿಯನ್ನು ನಾವು ಊಹಿಸಿಕೊಳ್ಳಬೇಕು. ಟರ್ಬೈನು ಅವನ ಸ್ವಂತ ಕೂಸು. ಸೋತದ್ದು ಅದೇ ಆದರೆ ಹತ್ತು ವರ್ಷದ ಶ್ರಮವೆಲ್ಲ ಹಡಗಿನ ಮಟ್ಟಿಗೆ ವ್ಯರ್ಥ. ಎರಡು ಎಂಜಿನ್ನುಗಳಿರುವ ನೌಕೆಯಲ್ಲಾದರೆ ಒಂದನ್ನು ಮತ್ತೊಂದರೊಡನೆ ಹೋಲಿಸಿ ನೋಡಬಹುದು. ಒಂದೇ ಎಂಜಿನ್ನಿನ ನೌಕೆಗೆ ಆ ಅನುಕೂಲವಿಲ್ಲ. ಆದರೂ ಅವನು ಟರ್ಬೈನನ್ನು ಬಯ್ಯಲಿಲ್ಲ, ಸಮರ್ಥಿಸಿಕೊಳ್ಳಲೂ ಇಲ್ಲ. ಎಂಜಿನ್ನಿಗೂ ಪ್ರೊಪೆಲರಿನ ದಂಡಕ್ಕೂ ನಡುವೆ ಸ್ಪ್ರಿಂಗಿನ ಮಾಪಕವೊಂದನ್ನು ಕೂಡಿಸಿ, ದಂಡಕ್ಕೆ ತಲಪುವ ತಿರುಚುಬಲವೆಷ್ಟೆಂದು ಅಳೆದ. ಬಲ ಬೇಕಾದಷ್ಟು ತಲಪುತ್ತಿತ್ತು. ಹಾಗಾದರೆ ಸೋರಿಕೆ ಅದರಾಚೆ, ನೀರಿನಲ್ಲಿ!

ನೀರಿನಲ್ಲಿ ಏನಾಗುತ್ತಿತ್ತು? ಪ್ರೊಪೆಲರು ಅತಿವೇಗದಿಂದ ತಿರುಗುವಾಗ ಅಲಗಿನ ಒಂದು ಮಗ್ಗುಲಲ್ಲಿ ಒತ್ತಡ ತೀರ ಇಳಿದು, ತಣ್ಣೀರೇ ಆವಿಯಾಗಿ ಗುಳ್ಳೆಯೇಳುತ್ತದೆ. ಆಗ ಅಲಗಿಗೆ ನೂಕಲು ಗಟ್ಟಿ ನೀರು ಸಿಗದು. ಔರಾದಿನ ಎರೆಮಣ್ಣಿನ ಕೆಸರಲ್ಲಿ ಹೂತ ಜೀಪಿನ ಗಾಲಿ ಗಿರ್ರನೆ ತಿರುಗಿಯೂ ಜೀಪು ಕದಲದಿರುವುದನ್ನು ನಮ್ಮವರು ಪ್ರತಿ ಮಳೆಗಾಲವೂ ಕಾಣುತ್ತಾರಷ್ಟೆ? ಇದೂ ಸುಮಾರು ಹಾಗೆಯೇ. ಅದೇ ಕಾಲದಲ್ಲಿ ‘ಡೇರಿಂಗ್’ ಎಂಬ ಯುದ್ಧನೌಕೆಯಲ್ಲೂ ಈ ತೊಡಕು ಕಂಡು, ಅಲಗುಗಳನ್ನು ಅಗಲಗೊಳಿಸಿದ ಮೇಲೆ ವೇಗ ಏರಿತ್ತು. ಪಾರ್ಸನ್ಸ್ ಚಿಕ್ಕ ತೊಟ್ಟಿಯೊಂದರಲ್ಲಿ ಬಿಸಿನೀರು ತುಂಬಿ, ಎರಡು ಅಂಗುಲದ ಪ್ರೊಪೆಲರನ್ನು ತಿರುಗಿಸಿ, ಮಿನುಗುವ ಬೆಳಕಿನಲ್ಲಿ ಆ ಗುಳ್ಳೆಗಳನ್ನು ಕಣ್ಣಾರೆ ಕಂಡ. ಬಳಿಕ ಒಂದು ಟರ್ಬೈನಿನ ಬದಲು ಮೂರು, ಒಂದು ದಂಡದ ಬದಲು ಮೂರು, ದಂಡಕ್ಕೆ ಮೂರರಂತೆ ಒಂಬತ್ತು ಪ್ರೊಪೆಲರುಗಳನ್ನು ಹೂಡಿ ಹೊರೆಯನ್ನು ಹಂಚಿದ. 1897ರ ಜೂನ್ 26ರಂದು, ವಿಕ್ಟೋರಿಯಾ ರಾಣಿಯ ಆಳಿಕೆಯ ಅರವತ್ತನೆಯ ವರ್ಷದ ನೌಕಾ ಪ್ರದರ್ಶನದಲ್ಲಿ, ಟರ್ಬಿನಿಯಾ ಯುದ್ಧನೌಕೆಗಳ ಸಾಲಿನ ನಡುವೆ 34 ನಾಟ್ ವೇಗದಿಂದ ನುಗ್ಗಿತು. ಅದನ್ನು ಹಿಡಿಯಬಲ್ಲ ಕಾವಲು ದೋಣಿಯೊಂದೂ ಅಲ್ಲಿರಲಿಲ್ಲ. 1906ರ ‘ಡ್ರೆಡ್‌ನಾಟ್’ ಯುದ್ಧನೌಕೆ ಟರ್ಬೈನಿನಿಂದಲೇ ಓಡಿತು.

ಅಳತೆಗೋಲನ್ನು ನಡುವೆ ಇಟ್ಟು, ದೋಷ ಈಚೆಗೋ ಆಚೆಗೋ ಎಂದು ಮೊದಲು ತಿಳಿಯುವ ಈ ಉಪಾಯವನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬೀದರಿನ ನೌಬಾದಿನ ಸುರಂಗಬಾವಿ. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಪಾರಸಿಕ ಪದ್ಧತಿಯಂತೆ ತೋಡಿದ ಈ ಕರೇಜಿನಲ್ಲಿ ಜಂಬಿಟ್ಟಿಗೆಯೊಳಗೆ ಜಿನುಗಿದ ನೀರು ಇಳಿಜಾರಿನ ಸುರಂಗದಲ್ಲಿ ಎಂಜಿನ್ನಿಲ್ಲದೆಯೇ ಹರಿಯುತ್ತದೆ. ಸುರಂಗದ ಮೇಲೆ ಅಲ್ಲಲ್ಲಿ ಬಾವಿಗಳಂಥ ಕಂಡಿಗಳಿವೆ. ಅವು ಗಾಳಿ ಬೆಳಕಿಗೂ ಹೂಳೆತ್ತುವುದಕ್ಕೂ ಆಗುತ್ತವೆ, ಪರೀಕ್ಷೆಗೂ ಒದಗುತ್ತವೆ. ಮೇಲಿನ ಕಂಡಿಯಲ್ಲಿ ನೀರಿದ್ದು ಕೆಳಗಿನದರಲ್ಲಿ ಇಲ್ಲವಾದರೆ, ಕಟ್ಟಿಕೊಂಡಿರುವುದು ಅವೆರಡರ ನಡುವೆ ಎಂದು ಗೊತ್ತಾಯಿತು. ಸುರಂಗವನ್ನೆಲ್ಲ ಅಗೆಯಬೇಕಾಗಿಲ್ಲ.

ಒಂದೇ ಎಂಜಿನ್ನಿನ ದೋಣಿಯವನು ನೋಡಬೇಕಾದ ಕಂಡಿಗಳೂ ಹೀಗೆಯೇ ಸಾಲಾಗಿವೆ. ಎಂಜಿನ್ನು ಕಿರಿಚಿ ಓಡಿದರೂ ದೋಣಿ ಕದಲದಿದ್ದರೆ, ಪ್ರೊಪೆಲರಿಗೆ ನೀರಿನ ಹಿಡಿತ ತಪ್ಪಿದೆ, ಇಲ್ಲವೆ ಅದನ್ನು ದಂಡಕ್ಕೆ ಬಿಗಿಯುವ ಪಿನ್ನು ಮುರಿದಿದೆ. ಎಂಜಿನ್ನು ತನ್ನ ಪೂರ್ತಿ ಸುತ್ತುಗಳನ್ನು ಮುಟ್ಟದೆ ಏದಿದರೆ, ಹೊರೆ ಹೆಚ್ಚಾಗಿರಬಹುದು: ಸುತ್ತಿಕೊಂಡ ಬಲೆ, ಸೊಟ್ಟಗಾದ ಅಲಗು, ತಳಕ್ಕೆ ಹತ್ತಿದ ಪಾಚಿ, ಹಿಂಬದಿಗೆ ಪೇರಿಸಿದ ಸಾಮಾನು. ಇವೆಲ್ಲ ಸರಿಯಿದ್ದರೆ ಎಣ್ಣೆಯ ದಾರಿಯನ್ನು ನೋಡಬೇಕು: ಎಣ್ಣೆಗೆ ಸೇರಿದ ನೀರು, ಕಟ್ಟಿದ ಫಿಲ್ಟರು, ಮುಚ್ಚಿಹೋದ ಟ್ಯಾಂಕಿನ ಗಾಳಿಕಿಂಡಿ. ಗೇರಿಲ್ಲದೆ ಸರಾಗವಾಗಿ ಓಡಿದ ಮಾತ್ರಕ್ಕೆ ಎಂಜಿನ್ನು ನಿರ್ದೋಷಿಯೆಂದು ಹೇಳಲಾಗದು. ಬಲಗುಂದಿದ ಎಂಜಿನ್ನೂ ಹೊರೆಯಿಲ್ಲದಾಗ ಚೆನ್ನಾಗಿಯೇ ಓಡೀತು. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ನೀರಿನಲ್ಲಿ ಅದೇ ಹೊರೆಯೊಡನೆ ಮತ್ತೆ ಓಡಿಸಿ ನೋಡಬೇಕು. ಎಂಜಿನ್ನನ್ನು ಬಿಚ್ಚುವುದು ಕೊನೆಯ ಸರದಿ. ಅದಕ್ಕೆ ತಗಲುವ ಹಣವೇ ಎಲ್ಲಕ್ಕಿಂತ ಹೆಚ್ಚು.

ಪಾರ್ಸನ್ಸನಿಗೆ ಪಣಕ್ಕಿದ್ದದ್ದು ಒಂದು ಆವಿಷ್ಕಾರದ ಭವಿಷ್ಯ. ಕಾರಂಜಾದ ಬೆಸ್ತನಿಗೆ ಪಣಕ್ಕಿದ್ದದ್ದು ಒಂದು ಹಂಗಾಮಿನ ಅನ್ನ. ಅವರವರ ಪಾಲಿಗೆ ಎರಡೂ ದೊಡ್ಡವೇ. ಆ ಸಂಜೆ ಬಲೆಯ ಚೂರನ್ನು ದಡಕ್ಕೆಸೆದು ಎಂಜಿನ್ನು ಹಚ್ಚಿದಾಗ ದೋಣಿ ನೀರನ್ನು ಸೀಳಿಕೊಂಡು ಹೋಯಿತು. ಸಾಲದ ಮಾತು ಅಲ್ಲಿಗೆ ನಿಂತಿತು. ಮುಂದೊಮ್ಮೆ ಹೋದಾಗ ನೋಡಿದೆ: ದಡ ಬಿಡುವ ಮೊದಲು ಆತ ಎಂಜಿನ್ನಿನ ಬಾಲವನ್ನೆತ್ತಿ, ಪ್ರೊಪೆಲರನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಪರೀಕ್ಷಿಸುತ್ತಿದ್ದ.