ಸ್ತನದ ಆಪರೇಷನ್ ಆದ ಮೇಲೆ: ಕೈ ಬಾವು ಮತ್ತು ಸ್ತನ ಮರುರಚನೆ



ಸಲಗರ ಬುದ್ರುಕ ಮತ್ತು ಸುತ್ತಲಿನ ಊರುಗಳ ಜನ ದವಾಖಾನೆಯ ಕಾಗದ ಓದಿಸಿಕೊಳ್ಳಲು ನಮ್ಮ ಸಂಘಕ್ಕೆ ಬರುತ್ತಾರೆ. ಕಾಗದ ಇಂಗ್ಲಿಷಿನಲ್ಲಿ, ವೈದ್ಯರ ಮಾತು ಮರಾಠಿಯಲ್ಲಿ, ನೋವು ಕನ್ನಡದಲ್ಲಿ. ಸ್ತನದ ಕ್ಯಾನ್ಸರ್ ಆಪರೇಷನ್ ಆಗಿ ಎರಡು ವರ್ಷವಾದ ಒಬ್ಬ ಅಕ್ಕ ಹಾಗೆಯೇ ಬಂದಿದ್ದರು. ಬಲಗೈ ಬಾತಿತ್ತು, ಬಳೆ ಏರುತ್ತಿರಲಿಲ್ಲ. ರೋಗ ತಿರುಗಿ ಬಂತೆಂದು ಮನೆಯವರು ಹೆದರಿದ್ದರು. ಎಣ್ಣೆ ಹಚ್ಚಿ ಬಿರುಸಾಗಿ ತಿಕ್ಕಿಸಿಯೂ ಆಗಿತ್ತು. ಕಂಕುಳಿನ ಗಂಟುಗಳನ್ನು ತೆಗೆದಿದ್ದಾರೆಂದು ಅವರ ಕಾಗದದಲ್ಲೇ ಬರೆದಿತ್ತು. ಅದರ ಅರ್ಥವನ್ನು ಮಾತ್ರ ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕಾಗಿ ಈ ಲೇಖನ. ನಾವು ವೈದ್ಯರಲ್ಲ, ಇದನ್ನು ಓದಿ ವೈದ್ಯರನ್ನು ಕೇಳುವ ಧೈರ್ಯ ಬಂದರೆ ಸಾಕು.

ಕೈ ಏಕೆ ಬಾಯುತ್ತದೆ?

ರಕ್ತನಾಳಗಳ ಜೊತೆಗೆ ನಮ್ಮ ಮೈಯಲ್ಲಿ ದುಗ್ಧರಸ ಹರಿಯುವ ಸಣ್ಣ ನಾಳಗಳೂ ಇವೆ. ಕೈಯ ರಸ ಕಂಕುಳಿನ ಗಂಟುಗಳ ಮೂಲಕ ಹಾಯ್ದು ಹೋಗುತ್ತದೆ. ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು ಅಥವಾ ಹರಡಿದ್ದನ್ನು ತೆಗೆಯಲು ಆ ಗಂಟುಗಳನ್ನು ತೆಗೆದರೆ ಕಾಲುವೆಯ ತೂಬು ಮುಚ್ಚಿದಂತಾಗಿ ರಸ ಕೈಯಲ್ಲೇ ನಿಲ್ಲುತ್ತದೆ. ಇದಕ್ಕೆ ಲಿಂಫೆಡಿಮಾ ಎನ್ನುತ್ತಾರೆ. ಇದು ಅಂಟುರೋಗವಲ್ಲ, ದೃಷ್ಟಿ ತಾಗಿದ್ದೂ ಅಲ್ಲ.

ಕಂಕುಳಿನ ಗಂಟುಗಳನ್ನು ಗುಂಪಾಗಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ಬಾವು ಬರುತ್ತದೆ. ಸೆಂಟಿನೆಲ್ ಎಂಬ ಮೊದಲ ಒಂದೆರಡು ಗಂಟುಗಳನ್ನಷ್ಟೇ ತೆಗೆದು ಪರೀಕ್ಷಿಸಿದವರಲ್ಲಿ ನೂರಕ್ಕೆ ಐದಾರು ಜನರಿಗೆ ಮಾತ್ರ. ಆದ್ದರಿಂದ ಆಪರೇಷನ್‌ಗೆ ಮೊದಲೇ ಕೇಳಿರಿ: "ನನಗೆ ಸೆಂಟಿನೆಲ್ ಪರೀಕ್ಷೆ ಸಾಕಾಗುತ್ತದೆಯೇ?" ಕಂಕುಳಿನ ಭಾಗಕ್ಕೆ ರೇಡಿಯೇಷನ್ ಕೊಟ್ಟರೆ, ಮೈತೂಕ ಹೆಚ್ಚಿದ್ದರೆ ಅಥವಾ ಕೈಗೆ ಸೋಂಕು ತಗುಲಿದರೆ ಅಪಾಯ ಹೆಚ್ಚು. ಬಾವು ಕೆಲವರಿಗೆ ತಿಂಗಳೊಳಗೆ, ಕೆಲವರಿಗೆ ವರ್ಷಗಳ ನಂತರ ಬರಬಹುದು.

ಮೊದಲ ಗುರುತುಗಳು

ಕೈ ಭಾರವೆನಿಸುವುದು, ಒಂದೇ ಕೈಯ ಬಳೆ ಅಥವಾ ಉಂಗುರ ಬಿಗಿಯಾಗುವುದು, ಕುಬಸದ ಒಂದು ತೋಳು ಮಾತ್ರ ಹಿಡಿಯುವುದು. ದರ್ಜಿಯ ಟೇಪಿನಿಂದ ಆಪರೇಷನ್‌ಗೆ ಮೊದಲೇ ಎರಡೂ ಕೈ ಅಳೆಯಿರಿ: ಮಣಿಕಟ್ಟು, ಮೊಣಕೈಯ ಕೆಳಗೆ, ಮೊಣಕೈಯ ಮೇಲೆ. ಆಮೇಲೆ ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅಳೆದು, ತಾರೀಖು ಹಾಕಿ ವಹಿಯಲ್ಲಿ ಬರೆದಿಡಿ. ಕಚೇರಿಯಲ್ಲಿ ವರ್ಷಾನುಗಟ್ಟಲೆ ವಹಿ ಬರೆದವರು ನಾವು. ಬರೆದಿಟ್ಟದ್ದೇ ಕೊನೆಗೆ ಕೆಲಸಕ್ಕೆ ಬರುತ್ತದೆ. ಮೊದಲಿನ ಅಳತೆಗಿಂತ ಆ ಕೈ 2 ಸೆಂ.ಮೀ. ಹೆಚ್ಚಿದ್ದರೆ ತಡ ಮಾಡದೆ ತೋರಿಸಿರಿ. ಭಾರವೆನಿಸಿದರೆ ಅಷ್ಟು ಹೆಚ್ಚುವವರೆಗೂ ಕಾಯಬೇಡಿ.

ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅದು ಸೋಂಕು. ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಕೈ ಒಮ್ಮೆಲೇ ಬಾತರೂ ತೋರಿಸಬೇಕು. ರಕ್ತ ಹೆಪ್ಪುಗಟ್ಟಿದೆಯೇ, ರೋಗ ಮರಳಿದೆಯೇ ಎಂದು ಅವರು ನೋಡುತ್ತಾರೆ.

ಕೆಲಸ ಬಿಡಬೇಕೆ?

ಬಿಡಬೇಕಿಲ್ಲ. "ಆ ಕೈಯಿಂದ ಏನೂ ಎತ್ತಬೇಡ" ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾವು ಇದ್ದ ಮಹಿಳೆಯರು ಕಲಿಸುವವರ ಮುಂದೆ ತೂಕವನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಎತ್ತಿದರು. ಅದರಿಂದ ಬಾವು ಹೆಚ್ಚಲಿಲ್ಲ. ಕೈಗೆ ಬಲವೂ ಬಂತು. ರೊಟ್ಟಿ ಬಡಿಯುವುದು, ಕೊಡ ಎತ್ತುವುದು, ಕಳೆ ತೆಗೆಯುವುದು ಎಲ್ಲವನ್ನೂ ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಶುರು ಮಾಡಬಹುದು.

ಕಾಯಬೇಕಾದದ್ದು ಚರ್ಮವನ್ನು. ಕಬ್ಬಿನ ಗರಿ, ಕುಡುಗೋಲು, ಒಲೆಯ ಕಿಡಿ ಇವುಗಳಿಂದ ಗಾಯವಾದರೆ ಸೋಂಕು ಒಳಗೆ ಹೋಗುತ್ತದೆ. ಹೊಲದಲ್ಲಿ ಕೈಚೀಲ ಹಾಕಿರಿ. ಗಾಯವಾದರೆ ಸಾಬೂನಿನಿಂದ ತೊಳೆದು ಔಷಧ ಹಚ್ಚಿರಿ.

ಬಾವಿಗೆ ಚಿಕಿತ್ಸೆ ನಾಲ್ಕು ಬಗೆಯದು: ಚರ್ಮದ ಆರೈಕೆ, ಪದರ ಪದರವಾಗಿ ಪಟ್ಟಿ ಸುತ್ತುವುದು ಮತ್ತು ಬಿಗಿ ತೋಳಚೀಲ, ವ್ಯಾಯಾಮ, ಕಲಿತವರ ಕೈಯಿಂದ ಹಗುರ ನೀವುವಿಕೆ. ಬಿರುಸಿನ ಮಾಲೀಶು ಬೇಡ. ಬೇಗ ಬಂದಷ್ಟೂ ಗುಣ ಹೆಚ್ಚು. ಹಳೆಯದಾದರೆ ಕೈ ಗಟ್ಟಿಯಾಗುತ್ತದೆ. ನಮ್ಮ ಕನ್ನಡದ ಇನ್ನೊಂದು ಗಡಿಯಾದ ಕಾಸರಗೋಡಿನ ಅನ್ವಯಿಕ ಚರ್ಮಶಾಸ್ತ್ರ ಸಂಸ್ಥೆಯು ಆನೆಕಾಲಿನಂಥ ದುಗ್ಧರಸ ಬಾವಿಗೆ ಯೋಗ, ಆಯುರ್ವೇದ ಮತ್ತು ಆಧುನಿಕ ವೈದ್ಯವನ್ನು ಕೂಡಿಸಿ ಚಿಕಿತ್ಸೆ ಕೊಡುತ್ತ ಹೆಸರಾಗಿದೆ.

ಸ್ತನ ಮರುರಚನೆ

ಇದು ಕಡ್ಡಾಯವೂ ಅಲ್ಲ, ಷೋಕಿಯೂ ಅಲ್ಲ. ತೆಗೆದ ಸ್ತನದ ಜಾಗದಲ್ಲಿ ಸಿಲಿಕೋನಿನ ಇಂಪ್ಲಾಂಟ್ ಇಡುತ್ತಾರೆ, ಇಲ್ಲವೆ ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಮಾಂಸದಿಂದ ರೂಪಿಸುತ್ತಾರೆ. ಅದೇ ಆಪರೇಷನ್‌ನಲ್ಲಿ ಮಾಡಬಹುದು, ವರ್ಷಗಳ ನಂತರವೂ ಮಾಡಬಹುದು. ಮುಂದೆ ರೇಡಿಯೇಷನ್ ಇದ್ದರೆ ಇಂಪ್ಲಾಂಟಿಗೆ ತೊಡಕು ಹೆಚ್ಚು. ಅದಕ್ಕೇ ಕೆಲವರಿಗೆ ಕಾಯಲು ಹೇಳುತ್ತಾರೆ. ಮರುರಚನೆಯಿಂದ ಕ್ಯಾನ್ಸರ್ ಮರಳುವುದಿಲ್ಲ. ಕೈ ಬಾವನ್ನು ನಿರ್ಧರಿಸುವುದು ಮುಖ್ಯವಾಗಿ ಕಂಕುಳಿನ ಆಪರೇಷನ್ ಮತ್ತು ರೇಡಿಯೇಷನ್, ಮರುರಚನೆಯಲ್ಲ. ಹೊಸ ಸ್ತನಕ್ಕೆ ಮೊದಲಿನ ಸ್ಪರ್ಶ ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ತಂಬಾಕು, ಮಿಶ್ರಿ ತಿಕ್ಕುವ ಚಟವಿದ್ದರೆ ಗಾಯ ಮಾಯುವುದು ಕಷ್ಟ, ಮೊದಲೇ ಬಿಡಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಆಪರೇಷನ್ ಬೇಡವೆಂದವರಿಗೆ ಕುಬಸದೊಳಗೆ ಇಡುವ ಹತ್ತಿಯ ಅಥವಾ ಸಿಲಿಕೋನಿನ ಕೃತಕ ಸ್ತನ ಸಿಗುತ್ತದೆ. ಏನೂ ಬೇಡವೆಂದರೆ ಅದೂ ಸರಿಯೇ. ತೀರ್ಮಾನ ಆ ತಾಯಿಯದು, ಅತ್ತೆಯದಲ್ಲ, ಗಂಡನದೂ ಅಲ್ಲ.

ಎಲ್ಲಿಗೆ ಹೋಗಬೇಕು?

ನಮ್ಮ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾದದ್ದೂ ಬಾರ್ಶಿಯಲ್ಲೇ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರ, ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಇವೆ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ. ರೇಷನ್ ಕಾರ್ಡ್ ಮತ್ತು ಆಧಾರ್ ಒಯ್ದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿರಿ. ಮರುರಚನೆಯ ಖರ್ಚು ಸೇರುತ್ತದೆಯೇ ಎಂದು ಭರ್ತಿಯಾಗುವ ಮೊದಲೇ ಕೇಳಿರಿ.

ಕಾಗದ ಓದಿಸಬೇಕಾದವರು ಸಂಕೋಚವಿಲ್ಲದೆ ಸಂಘಕ್ಕೆ ಬರಲಿ. ಗಂಡಸರ ಮುಂದೆ ಹೇಳಲಾಗದ್ದನ್ನು ನಮ್ಮ ಮಹಿಳಾ ಸದಸ್ಯರ ಮುಂದೆ ಹೇಳಬಹುದು. ಮೊದಲು ಹೇಳಿದ ಆ ಅಕ್ಕ ಈಗ ತೋಳಚೀಲ ಹಾಕಿಕೊಂಡು ರೊಟ್ಟಿ ಬಡಿಯುತ್ತಾರೆ. ಎರಡು ವರ್ಷ ಮೊದಲೇ ಯಾರಾದರೂ ಹೇಳಿದ್ದರೆ ಎಂಬ ಒಂದೇ ಮಾತು ಅವರದು. ಆ ಮಾತನ್ನು ಇನ್ನೊಬ್ಬ ತಾಯಿ ಆಡಬಾರದು.

— ಕಾರ್ಯದರ್ಶಿ